ಬ್ರೇಕಿಲ್ಲದ ಗಾಡಿ, ಬಗ್ಗಿದ ಎರಡು ಬೆರಳು

ಸುಟ್ಟ ವಾಸನೆ ಮೊದಲು ಬಂದದ್ದು ವೀರಣ್ಣನ ಮೂಗಿಗೆ. ಗಜೇಂದ್ರಗಡದ ನಮ್ಮ ಗ್ಯಾರೇಜಿನಲ್ಲಿ ಗಾಡಿ ಚಾಲೂ ಇಟ್ಟುಕೊಂಡು, ಬಗ್ಗಿ, ನಾನು ಕಾರ್ಬುರೇಟರಿನ ಸ್ಕ್ರೂ ತಿರುವುತ್ತಿದ್ದೆ. ಎಡಗೈ ಸೈಲೆನ್ಸರಿನ ಮೇಲೆ ಊರಿತ್ತು. ಎದುರಿಗೆ ಚಹಾ ಕುಡಿಯುತ್ತ ಕೂತಿದ್ದ ವೀರಣ್ಣ ಕಪ್ಪು ಕೆಳಗಿಟ್ಟ.

"ರಾಜಾ, ಏನೋ ಸುಡಾಕತ್ತೈತಿ."

"ಆಯಿಲ್ ಚೆಲ್ಲಿರಬೇಕು" ಅಂದೆ.

"ಆಯಿಲ್ ಅಲ್ಲೋ. ನಿನ್ನ ಕೈ ಸುಡಾಕತ್ತೈತಿ."

ನೋಡಿದೆ. ಕಿರುಬೆರಳಿನ ಕಡೆಯ ಅಂಗೈ ಅಂಚು ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಕೈ ಎತ್ತಿದರೆ ಚರ್ಮ ಅಲ್ಲೇ ಉಳಿಯಿತು. ನೋವಾಗಲಿಲ್ಲ. ಸ್ವಲ್ಪವೂ ಆಗಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಎಂಜಿನ್ ಮುಟ್ಟಿಕೊಂಡು ಬೆಳೆದವನು ನಾನು. ಸುಟ್ಟುಕೊಳ್ಳುವುದು ಹೊಸದಲ್ಲ. ಸುಟ್ಟದ್ದು ಗೊತ್ತಾಗದಿರುವುದು ಹೊಸದು. ವೀರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನಕ್ಕೆ. "ಮೆಕ್ಯಾನಿಕ್ ಕೈ, ದಪ್ಪ ಆಗೈತಿ" ಅಂದೆ. ಅವನು ನಗಲಿಲ್ಲ.

ನನ್ನ ಹೆಸರು ರಾಜೇಸಾಬ. ಅಣ್ಣ ಖಾದರ ಟಾಯರು-ಪಂಕ್ಚರ್ ನೋಡುತ್ತಿದ್ದ, ನಾನು ಎಂಜಿನ್ ನೋಡುತ್ತಿದ್ದೆ. ವೀರಣ್ಣ ಅಬ್ಬಿಗೇರಿಯ ರೈತ, ರೋಣದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ; ನಮ್ಮ ಉರ್ದುವಿನಲ್ಲಿ ಅರ್ಧ ಕನ್ನಡವೇ ಇರುವುದರಿಂದ ಅಂಥ ನಷ್ಟವೇನೂ ಇಲ್ಲ.

ಆ ಹೊತ್ತಿಗೆ ನಾವಿಬ್ಬರೂ ಒಂದು ಹುಚ್ಚಿನಲ್ಲಿದ್ದೆವು. ಹೊರದೇಶದಲ್ಲಿ ಒಂದು ಬಗೆಯ ಬೈಕ್ ಓಟ ನಡೆಯುತ್ತದೆ. ಅಂಡಾಕಾರದ ಮಣ್ಣಿನ ಟ್ರ್ಯಾಕು, ಒಂದು ಸಲಕ್ಕೆ ನಾಲ್ವರು, ನಾಲ್ಕು ಸುತ್ತು. ಗಾಡಿಗೆ ಬ್ರೇಕಿಲ್ಲ, ಗೇರು ಒಂದೇ. ತಿರುವುಗಳೆಲ್ಲ ಎಡಕ್ಕೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಎಡಗಾಲನ್ನು ನೆಲದ ಮೇಲೆ ಎಳೆಯುತ್ತ, ಆಕ್ಸಿಲರೇಟರ್ ಒಂದರಿಂದಲೇ ಗಾಡಿಯನ್ನು ಹತೋಟಿಯಲ್ಲಿಡಬೇಕು. ಸ್ಪೀಡ್‌ವೇ ಅನ್ನುತ್ತಾರೆ. ನಾನು ಅದನ್ನು ಮೊದಲು ನೋಡಿದ್ದು ಹುಬ್ಬಳ್ಳಿಯಲ್ಲಿ, ಯಾರೋ ಕೊಟ್ಟ ಒಂದು ಸಿಡಿಯಲ್ಲಿ. ಆಮೇಲೆ ಒಂದು ಕ್ಲಬ್ಬಿನವರು ನಮ್ಮ ಕಡೆಯ ಸವಾರರನ್ನೂ ಆರಿಸಿ ಕಳಿಸುತ್ತಾರೆ ಎಂಬ ಸುದ್ದಿ ಬಂತು. ಮೊದಲ ಸುತ್ತು ಹುಬ್ಬಳ್ಳಿಯಲ್ಲಿ, ಎರಡನೆಯದು ಕೊಲ್ಹಾಪುರದಲ್ಲಿ. ಅಲ್ಲಿ ಗೆದ್ದ ನಾಲ್ವರು ಹೊರದೇಶಕ್ಕೆ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿಗೆ.

ವೀರಣ್ಣ ಅಬ್ಬಿಗೇರಿಯ ತನ್ನ ಹೊಲದ ಮೂಲೆಯೊಂದನ್ನು ಬೀಳು ಬಿಟ್ಟ. ಎರೆ ಮಣ್ಣಿನ ಮೇಲೆ ಗುಡ್ಡದ ಗರಸು, ಸಣ್ಣ ಕಲ್ಲಿನ ಕೆಂಪು ಮಣ್ಣು, ತಂದು ಹರಡಿದೆವು. ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದರ ಬ್ರೇಕು ಕಿತ್ತೆ, ಗೇರು ಒಂದರಲ್ಲೇ ನಿಲ್ಲುವಂತೆ ಮಾಡಿದೆ. ಎಡಗಾಲಿನ ಬೂಟಿನ ಅಡಿಗೆ ಹಾಕುವ ಉಕ್ಕಿನ ತಗಡನ್ನು ನಮ್ಮೂರ ಕಮ್ಮಾರರು ಬಡಿದುಕೊಟ್ಟರು. ಯಾತಕ್ಕೆಂದು ಕೇಳಿದರು, ಹೇಳಿದೆ. "ಬ್ರೇಕ್ ಹಚ್ಚಿಸ್ಕೊಂಡ್ರ ಇದು ಬೇಕಾಗಂಗಿಲ್ಲಲ್ಲ" ಅಂದರು.

ಕೈ ಸುಟ್ಟ ದಿನ ಇದೆಲ್ಲ ಸಿದ್ಧವಾಗಿತ್ತು. ಹುಬ್ಬಳ್ಳಿಯ ಸುತ್ತಿಗೆ ಹತ್ತಿರ ಹತ್ತಿರ ಒಂಬತ್ತು ತಿಂಗಳಿತ್ತು.

ಬೆನ್ನ ಮೇಲೆ, ಮೊಣಕೈ ಕೆಳಗೆ ಮಾಸಲು ಮಚ್ಚೆಗಳು ವರ್ಷದಿಂದ ಇದ್ದವು. ಚಿಬ್ಬು ಅಂದುಕೊಂಡಿದ್ದೆ. ಒಬ್ಬ ಖಾಸಗಿ ಡಾಕ್ಟರು ಮುಲಾಮು ಕೊಟ್ಟರು, ಹಚ್ಚಿದೆ. ಸುಟ್ಟ ಗಾಯ ಒಣಗುವಷ್ಟರಲ್ಲಿ ಎಡಗೈಯ ಕೊನೆಯ ಎರಡು ಬೆರಳು ನಿಧಾನಕ್ಕೆ ಒಳಕ್ಕೆ ಬಗ್ಗತೊಡಗಿದವು. ಬಲಗೈಯಿಂದ ನೆಟ್ಟಗೆ ಮಾಡುತ್ತಿದ್ದೆ, ಬಿಟ್ಟರೆ ಮತ್ತೆ ಬಗ್ಗುತ್ತಿದ್ದವು. ಕ್ಲಚ್ ಹಿಡಿಯುವ ಕೈ ಅದು. ಒಂದು ದಿನ ಅಬ್ಬಿಗೇರಿಯಲ್ಲಿ ಪ್ರಾಕ್ಟೀಸಿಗೆ ನಿಂತಾಗ ಕ್ಲಚ್ ಕೈಯಿಂದ ಜಾರಿ ಗಾಡಿ ನನ್ನನ್ನು ಕೆಡವಿ ಹೊಲದೊಳಗೆ ಹೋಯಿತು. ವೀರಣ್ಣ ಗಾಡಿ ಎತ್ತಲಿಲ್ಲ. ನನ್ನನ್ನು ಎತ್ತಿ ತನ್ನ ಬೈಕಿನ ಹಿಂದೆ ಕೂಡಿಸಿ, ಮಣ್ಣಾದ ಬಟ್ಟೆಯಲ್ಲೇ ನೇರ ರೋಣದ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದ.

ದವಾಖಾನೆಯ ವರಾಂಡದಲ್ಲಿ ಎರಡು ತಾಸು ಕೂತೆವು. ಡಾಕ್ಟರಮ್ಮ ನನ್ನ ಬೆನ್ನು ನೋಡಿ, ಮೊಣಕೈಯ ಒಳಗಡೆ ಬೆರಳಿಟ್ಟು ಏನನ್ನೋ ತಡಕಿ, ಪಕ್ಕದ ಕೋಣೆಯ ಹಾದಿಮನಿ ಅವರ ಹತ್ತಿರ ಕಳಿಸಿದರು. ಹಾದಿಮನಿ ಆರೋಗ್ಯ ಸಹಾಯಕರು, ನಿವೃತ್ತಿಗೆ ಹತ್ತಿರವಾದ ತೆಳ್ಳನೆಯ ಮನುಷ್ಯ. ಜೇಬಿನಿಂದ ಬಾಲ್ ಪೆನ್ನು ತೆಗೆದರು.

"ಕಣ್ಣ ಮುಚ್ಚ್ರಿ. ನಾ ಎಲ್ಲಿ ಮುಟ್ಟತೇನಿ, ಅಲ್ಲಿ ಬೆರಳಿಟ್ಟು ತೋರಸ್ರಿ."

ಮುಚ್ಚಿದೆ. ಬಲ ಭುಜದ ಮೇಲೆ ಮುಟ್ಟಿದರು, ತೋರಿಸಿದೆ. ಕುತ್ತಿಗೆ, ತೋರಿಸಿದೆ. ಆಮೇಲೆ ಸುಮ್ಮನಾದರು. ನಾನು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದೆ. ಹೊರಗೆ ಯಾರೋ ಚೀಟಿ ನಂಬರು ಕೂಗುತ್ತಿದ್ದರು. ಬಹಳ ಹೊತ್ತಾಯಿತು ಅನ್ನಿಸಿ ಕೇಳಿದೆ:

"ಮುಟ್ರಿ ಸರ್, ಯಾಕ ಬಿಟ್ರಿ?"

"ಎಂಟು ಸಲ ಮುಟ್ಟೇನಿ" ಅಂದರು.

ಕಣ್ಣು ತೆರೆದು ನೋಡಿದರೆ ಪೆನ್ನಿನ ತುದಿ ನನ್ನ ಎಡಗೈಯ ಕಿರುಬೆರಳ ಮೇಲೆ ಊರಿತ್ತು. ನನ್ನ ಕೈ ನನ್ನ ಕಣ್ಣ ಮುಂದೆಯೇ ಇತ್ತು, ಆದರೆ ಅದರ ಸುದ್ದಿ ನನಗೆ ಬರುವುದು ನಿಂತುಹೋಗಿತ್ತು.

ಡಾಕ್ಟರಮ್ಮ ಹೆಸರು ಹೇಳಿದರು. ಕುಷ್ಠ. ನಮ್ಮ ಕಡೆ ಅದರ ಹೆಸರು ಹಿಡಿಯುವುದಿಲ್ಲ, ದೊಡ್ಡ ಜಡ್ಡು ಅನ್ನುತ್ತಾರೆ. ಅದು ದೇಶದಿಂದಲೇ ಹೋಗಿಬಿಟ್ಟಿದೆ ಎಂದು ನಾನು ತಿಳಿದಿದ್ದೆ. ವೀರಣ್ಣ ಗೋಡೆ ನೋಡುತ್ತಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು ಇದು:

"ನನಗ ರೇಸ್ ಐತ್ರಿ."

"ಯಾವಾಗ?"

"ಇನ್ನ ಏಳು ತಿಂಗಳಿಗೆ."

"ಗುಳಿಗಿ ಒಂದು ವರ್ಷ ತಗೋಬೇಕು" ಅಂದರು. "ನಡುವ ರೇಸ್ ಬಂದ್ರ ಬರಲಿ. ಗುಳಿಗಿ ಮಾತ್ರ ಒಂದು ದಿನಾನೂ ತಪ್ಪಬಾರದು. ವಾಸಿ ಆಗೋ ಜಡ್ಡದು."

ತಿಂಗಳಿಗೊಮ್ಮೆ ನುಂಗುವ ಗುಳಿಗೆಗಳ ಮೊದಲ ಸರತಿಯನ್ನು ಹಾದಿಮನಿ ತಮ್ಮೆದುರೇ ನುಂಗಿಸಿದರು. ಉಳಿದ ದಿನಗಳ ಗುಳಿಗೆ ಪಟ್ಟಿಯನ್ನು ಕೈಗಿಟ್ಟರು. "ಇವತ್ತ ಉಚ್ಚಿ ಕೆಂಪಗ ಹೋಗತೈತಿ, ಹೆದರಬ್ಯಾಡ್ರಿ. ಮೈ ಬಣ್ಣ ಕಪ್ಪಾಗತೈತಿ, ಆಮ್ಯಾಲ ತಿಳಿ ಆಗತೈತಿ. ಮತ್ತ ಮಂದಿ ಮಾತಾಡ್ತಾರ. ಅದಕ್ಕ ನನ್ನ ಹತ್ರ ಗುಳಿಗಿ ಇಲ್ಲ."

ಮನೆಗೆ ಬಂದು ಸುಳ್ಳು ಹೇಳಿದೆ. ಕೈಯ ನರ ಸೋತಿದೆ, ಶಕ್ತಿಗೆ ಗುಳಿಗೆ ಕೊಟ್ಟಿದ್ದಾರೆ ಎಂದೆ. ಗುಳಿಗೆ ಪಟ್ಟಿಯನ್ನು ಗ್ಯಾರೇಜಿನ ಡಬ್ಬಿಯಲ್ಲಿಡುತ್ತಿದ್ದೆ. ಹೆಂಡತಿ ಶಮೀಮಳ ಪಕ್ಕ ಮಲಗದೆ, ಸೆಕೆ ಎಂಬ ನೆವದಲ್ಲಿ ಹೊರಗೆ ಹಾಸಿಕೊಂಡೆ. ಮಗಳು ಆಯೆಷಾಳಿಗೆ ಆಗ ನಾಲ್ಕು ವರ್ಷ. ಗ್ಯಾರೇಜಿನಿಂದ ಬಂದ ಕೂಡಲೇ ಅವಳನ್ನು ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಡಿಸುವುದು ರೂಢಿ. ಅದನ್ನು ಬಿಟ್ಟೆ. ಅವಳು ಕೈ ಚಾಚಿ ನಿಂತಿರುತ್ತಿದ್ದಳು. ಜಡ್ಡಿನಿಂದ ನನಗಾದ ನೋವೆಲ್ಲ ಒಂದು ಕಡೆ, ಅದು ಒಂದು ಕಡೆ.

ಹನ್ನೊಂದನೆಯ ದಿನ ಅಂಗಿ ಒಗೆಯಲು ತೆಗೆದಾಗ ಶಮೀಮಳಿಗೆ ಜೇಬಿನಲ್ಲಿ ದವಾಖಾನೆಯ ಚೀಟಿ ಸಿಕ್ಕಿತು. ಅವಳು ನನ್ನನ್ನು ಕೇಳಲಿಲ್ಲ. ವೀರಣ್ಣ ಸಂಜೆ ಬಂದಾಗ ಅವನ ಮುಂದೆ ಹಿಡಿದಳು. ವೀರಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸುದ್ದಿ ನರಗುಂದದ ಅವಳ ತವರಿಗೂ ಹೇಗೋ ಮುಟ್ಟಿತು. ಎರಡು ದಿನದಲ್ಲಿ ಮಾವ ಬಂದರು, ನನ್ನ ಕಡೆ ನೋಡದೆ ಮಗಳನ್ನೂ ಮೊಮ್ಮಗಳನ್ನೂ ಬಸ್ಸು ಹತ್ತಿಸಿಕೊಂಡು ಹೋದರು. ಶಮೀಮ ಹೋಗುವಾಗ ಅಳಲಿಲ್ಲ. ಅವಳು ಸಿಟ್ಟಿಗೆದ್ದಿದ್ದಳು, ಹೆದರಿದ್ದಾಳೆಂದು ನಾನು ತಪ್ಪು ತಿಳಿದೆ.

ಒಂದು ತಿಂಗಳು ಅವಳಿಲ್ಲದೆ ಕಳೆಯಿತು. ನರ ಬಾತಿದೆಯೆಂದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಬೇರೆ ಗುಳಿಗೆ ಕೊಟ್ಟರು. ಅದರಿಂದ ಮುಖ ರೊಟ್ಟಿಯಂತೆ ಉಬ್ಬಿತು, ಹಸಿವು ಹೆಚ್ಚಿತು. ಅಮ್ಮೀ ಬಡಿಸುತ್ತಿದ್ದಳು. ಅವಳಿಗೆ ಕಿವಿ ಮಂದ. ಮನೆಯಲ್ಲಿ ಏನು ನಡೆದಿದೆ ಎಂದು ಯಾರೂ ಕೂಗಿ ಹೇಳಿರಲಿಲ್ಲ, ಕೂಗಿ ಹೇಳುವ ಮಾತೂ ಅದಾಗಿರಲಿಲ್ಲ. ದಿನಾ ಸಂಜೆ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆರಳು ನೀವಿ ನೆಟ್ಟಗೆ ಮಾಡಬೇಕೆಂದು ಹಾದಿಮನಿ ಕಲಿಸಿದ್ದರು. ನಾನು ಒಬ್ಬನೇ ಒದ್ದಾಡುವುದನ್ನು ನೋಡಿ ಅಮ್ಮೀ ಬಂದು ಕೂತಳು, ಎಣ್ಣೆ ಬಟ್ಟಲು ಕಸಿದುಕೊಂಡು, ಒಂದೊಂದೇ ಬೆರಳು ನೀವಿದಳು. ನಾನು ಬೇಡವೆಂದು ಕೈ ಎಳೆದುಕೊಂಡೆ.

"ಅಮ್ಮೀ, ನನಗ ದೊಡ್ಡ ಜಡ್ಡಾಗೈತಿ" ಎಂದು ಅವಳ ಕಿವಿಯ ಹತ್ತಿರ ಹೇಳಿದೆ. ಬಾಯಿಬಿಟ್ಟು ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಅವಳು ನನ್ನ ಮುಖ ನೋಡಿದಳು. "ಕೈ ಕೊಡು" ಅಂದಳು. ಕೊಟ್ಟೆ. ಮತ್ತೆ ನೀವತೊಡಗಿದಳು.

ಮರುದಿನ ನರಗುಂದದ ಬಸ್ಸು ಹತ್ತಿದೆ.

ಮಾವನದು ಬಳೆ ಅಂಗಡಿ, ಅದರ ಹಿಂದೆಯೇ ಮನೆ. ನನ್ನನ್ನು ನೋಡಿ ಅವರು ಅಂಗಡಿಯ ಮೆಟ್ಟಿಲ ಮೇಲೆ ಅಡ್ಡ ನಿಂತರು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಖರೇ, ಮಗಳ ಮ್ಯಾಲ ನನಗೂ ಹಕ್ಕೈತಿ. ಜಡ್ಡು ಹೋದ ಮ್ಯಾಲ ಬರ್ರಿ" ಅಂದರು.

ಒಳಗಿನಿಂದ ಶಮೀಮ ಬಂದಳು. "ಅಬ್ಬಾ, ನೀವು ಅಂಗಡಿ ನೋಡ್ರಿ. ಇವರ ಸಂಗಾಟ ನಾ ಮಾತಾಡತೇನಿ" ಎಂದು ಅವರನ್ನು ಸರಿಸಿ ನನ್ನನ್ನು ಒಳಗೆ ಕರೆದಳು. ಕೂತೆ. ಅವಳು ನಿಂತೇ ಇದ್ದಳು.

"ನಾನೂ ಆಯೆಷಾನೂ ಇಲ್ಲಿ ದವಾಖಾನ್ಯಾಗ ತೋರಿಸಿಕೊಂಡು ಬಂದೇವಿ. ಮೈ ಪೂರಾ ನೋಡಿದ್ರು. ಏನೂ ಇಲ್ಲ."

"ಯಾರ ಕೂಡ ಹೋಗಿದ್ದಿ?"

"ಯಾರ ಕೂಡನೂ ಅಲ್ಲ. ನಡಕೋತ ಹೋದೆ. ಎಲ್ಲಾ ಕೇಳಿಕೊಂಡು ಬಂದೇನಿ. ಗುಳಿಗಿ ಚಾಲೂ ಆದ ಮ್ಯಾಲ ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲಂತ. ನಿಮಗ ಇದು ಗೊತ್ತಿತ್ತೇನು?"

"ಹಾದಿಮನಿ ಸರ್ ಹೇಳಿದ್ರು. ನನಗ ನಂಬಿಕಿ ಬರಲಿಲ್ಲ."

"ಹಂಗಂದ್ರ ಹೊರಗ ಮಲಗಿದ್ದು ಅದಕ್ಕ."

ನಾನು ತಲೆ ಆಡಿಸಿದೆ. ಅವಳು ಹೇಳಿದ ಮಾತು ಇದು: "ನಿಮಗ ಜಡ್ಡಾತು, ಅದು ಅಲ್ಲಾನ ಮರ್ಜಿ. ಹನ್ನೊಂದು ದಿನ ನನಗ ಸುಳ್ಳು ಹೇಳಿದ್ದು ನಿಮ್ಮ ಮರ್ಜಿ."

ನಾನು ಹೊರಡಲೆಂದು ಎದ್ದೆ.

"ನಾ ಬರತೇನಿ" ಅಂದಳು. "ಆದ್ರ ಬಚ್ಚಿಟ್ಟುಕೊಂಡು ಬಾಳ್ವೆ ಮಾಡಾಕ ಬರಂಗಿಲ್ಲ. ಊರಾಗ ಮಂದಿ ನನ್ನ ಮುಖಾ ನೋಡಿ ಗುಸುಗುಸು ಅನ್ನೂದು ಬ್ಯಾಡ. ನೀವ ಹೇಳ್ರಿ, ಎಲ್ಲಾರ ಮುಂದ, ಹೆಸರು ಹಿಡಿದು. ಕೇಳವ್ರು ನಿಮ್ಮನ್ನ ಕೇಳಲಿ. ಹೇಳಿದ ದಿನ ವೀರಣ್ಣಗ ಹೇಳಿ ಕಳಸ್ರಿ. ಮರುದಿನ ಬಸ್ಸಿಗೆ ಬರತೇನಿ."

ಸಂತೆಯ ದಿನ ಹೇಳಿದೆ. ಆ ದಿನ ಸುತ್ತಲ ಹಳ್ಳಿಗಳ ಗಾಡಿಗಳೆಲ್ಲ ಗ್ಯಾರೇಜಿನ ಮುಂದೆ ಇರುತ್ತವೆ. ಖಾದರ ಟ್ಯೂಬಿಗೆ ಗಾಳಿ ತುಂಬುತ್ತಿದ್ದ. ಆರೇಳು ಗಿರಾಕಿಗಳಿದ್ದರು. ಒಬ್ಬರು ನನ್ನ ಉಬ್ಬಿದ ಕಪ್ಪು ಮುಖ ನೋಡಿ, "ಏನ್ ಮೇಸ್ತ್ರೀ, ದುಬೈಗೆ ಹೋಗಿ ಬಂದಂಗ ಆಗೀರಲ್ಲ" ಅಂದರು. ಅದೇ ಸಮಯ ಅನ್ನಿಸಿತು. ಸ್ಪ್ಯಾನರ್ ಕೆಳಗಿಟ್ಟೆ.

"ನನಗ ಕುಷ್ಠ ಆಗೈತ್ರಿ. ರೋಣದಾಗ ಔಷಧ ತಗೊಳ್ಳಾಕತ್ತೇನಿ. ವಾಸಿ ಆಗತೈತಿ. ಗುಳಿಗಿ ಚಾಲೂ ಐತಿ, ನನ್ನಿಂದ ಯಾರಿಗೂ ಹತ್ತಂಗಿಲ್ಲ. ಗಾಡಿ ಬಿಡೂದಿದ್ರ ಬಿಡ್ರಿ, ಒಯ್ಯೂದಿದ್ರ ಒಯ್ಯಿರಿ."

ಗಾಳಿ ಪಂಪಿನ ಸದ್ದು ನಿಂತಿತು. ಇಬ್ಬರು ಗಾಡಿ ತಳ್ಳಿಕೊಂಡು ಹೋದರು. ಇನ್ನಿಬ್ಬರು, ಬಿಚ್ಚಿದ ಎಂಜಿನ್ ಹಾಗೇ ಬಿಟ್ಟು, ಸಂತೆ ಮುಗಿಸಿ ಬರುತ್ತೇವೆಂದವರು ವಾರದ ಮೇಲೆ ಬಂದರು. ದುಬೈ ಎಂದು ಕೇಳಿದವರು ಮಾತ್ರ, "ಹಂಗಾದ್ರ ಕ್ಲಚ್ ಪ್ಲೇಟ್ ಇವತ್ತ ಆಗತೈತೋ ಇಲ್ಲೋ?" ಅಂದರು. ಅವರು ಮೆಣಸಗಿಯವರು. ಆ ಪ್ಲೇಟನ್ನು ನಾನು ಹೊಸ ಗಾಡಿಗೆ ಹಾಕುವಷ್ಟು ಮುತುವರ್ಜಿಯಿಂದ ಹಾಕಿದೆ.

ಖಾದರ ಸಿಟ್ಟಾದ. "ಹೇಳೂದ ಇದ್ರ ನನ್ನ ಒಂದು ಮಾತು ಕೇಳಬೇಕಿತ್ತು. ಅಂಗಡಿ ಮುಚ್ಚಸ್ತೀ ನೀ" ಅಂದ. ಮೂರು ದಿನದಲ್ಲಿ ಗ್ಯಾರೇಜಿನ ನಡುವೆ ತಗಡು ಹೊಡೆದ, ತನ್ನ ಟಾಯರುಗಳನ್ನು ಆ ಕಡೆ ಇಟ್ಟುಕೊಂಡ. ಅವನು ಕೆಟ್ಟವನಲ್ಲ, ಹೆದರಿದವನು. ಆ ತಗಡು ಇವತ್ತಿಗೂ ಅಲ್ಲೇ ಇದೆ. ಈಗ ಅದರ ಎರಡೂ ಕಡೆ ನಾವಿಬ್ಬರೂ ಸ್ಪ್ಯಾನರ್ ತೂಗು ಹಾಕುತ್ತೇವೆ.

ಶಮೀಮ ಮಾತಿನಂತೆ ಸಂತೆಯ ಮರುದಿನದ ಬಸ್ಸಿಗೇ ಬಂದಿದ್ದಳು. ಆಯೆಷಾಳನ್ನು ಎತ್ತಿ ಟ್ಯಾಂಕಿನ ಮೇಲೆ ಕೂಡಿಸಿದೆ. ಹಾರ್ನ್ ಒತ್ತಿದಳು, ಬಿಡಲೇ ಇಲ್ಲ.

ಗಿರಾಕಿ ಕಡಿಮೆಯಾದದ್ದರಿಂದ ಪುರುಸೊತ್ತು ಸಿಕ್ಕಿತು, ಅದನ್ನು ರೇಸಿನ ಗಾಡಿಗೆ ಹಾಕಿದೆ. ಕೊನೆಯ ಎರಡು ಬೆರಳು ಬರುವುದಿಲ್ಲ, ಸರಿ. ಮೊದಲ ಎರಡು ಬರುತ್ತವಲ್ಲ. ಉದ್ದನೆಯ ಕ್ಲಚ್ ಲಿವರ್ ಮಾಡಿದೆ, ಒಳಗಿನ ಸ್ಪ್ರಿಂಗ್ ಹಗುರ ಮಾಡಿದೆ, ಹಿಡಿಗೆ ದಪ್ಪನೆಯ ರಬ್ಬರು ಸುತ್ತಿದೆ. ನನ್ನ ಅದೃಷ್ಟಕ್ಕೆ ಈ ಓಟದಲ್ಲಿ ಕ್ಲಚ್ ಬೇಕಾಗುವುದು ಹೊರಡುವಾಗ ಒಂದೇ ಸಲ. ಆಮೇಲೆಲ್ಲ ಬಲಗೈ ಕೆಲಸ. ನಿಂತು ಹೊರಡುವುದೊಂದನ್ನೇ ದಿನಕ್ಕೆ ಐವತ್ತು ಸಲ ಮಾಡುತ್ತಿದ್ದೆ. ಪ್ರತಿ ಹತ್ತು ಸಲಕ್ಕೊಮ್ಮೆ ವೀರಣ್ಣ ನನ್ನ ಕೈಗವಸು ಬಿಚ್ಚಿಸಿ ಅಂಗೈ ನೋಡುತ್ತಿದ್ದ. ಗಾಯವಾದರೆ ನನಗೆ ತಿಳಿಯುವುದಿಲ್ಲವಲ್ಲ, ನನ್ನ ಪಾಲಿನ ನೋವನ್ನು ಅವನು ಕಣ್ಣಿನಿಂದ ನೋಡಬೇಕಿತ್ತು. ಒಂದು ಸಲವೂ ಬೇಸರಪಡಲಿಲ್ಲ.

ರೇಸಿನ ಫಾರ್ಮಿಗೆ ಡಾಕ್ಟರ ಪ್ರಮಾಣಪತ್ರ ಬೇಕಿತ್ತು. ಗಾಡಿಯನ್ನೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ರೋಣಕ್ಕೆ ಹೋದೆವು. ಡಾಕ್ಟರಮ್ಮ ಹೊರಗೆ ಬಂದು ಗಾಡಿಯನ್ನು ಸುತ್ತು ಹಾಕಿ ನೋಡಿದರು.

"ಬ್ರೇಕ್ ಎಲ್ಲೈತಿ?"

"ಇಲ್ರಿ."

"ಬ್ರೇಕ್ ಇಲ್ಲದ ಗಾಡಿಗೆ ನಾನು ಫಿಟ್ನೆಸ್ ಕೊಡಬೇಕಾ?"

"ಗಾಡಿಗೆ ಅಲ್ರಿ. ನನಗ ಕೊಡ್ರಿ."

ಲಿವರನ್ನು ಹತ್ತು ಸಲ ಹಿಡಿಸಿದರು, ಹತ್ತು ಸಲ ಬಿಡಿಸಿದರು. ಕಣ್ಣು ಮುಚ್ಚಿ ಹಿಡಿಯಲು ಹೇಳಿದರು. ಹಾದಿಮನಿ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಡಾಕ್ಟರಮ್ಮ ಸಹಿ ಹಾಕಿದರು. "ಬಿದ್ದು ಕೈ ಮುರಕೊಂಡು ಬಂದ್ರೆ ಆ ತಿಂಗಳ ಗುಳಿಗಿ ನಾನೇ ಬಾಯಿಗೆ ತುರುಕ್ತೀನಿ" ಅಂದರು.

ಫಾರ್ಮಿನಲ್ಲಿ ಒಂದು ಸಾಲು: ಯಾವುದಾದರೂ ಕಾಯಿಲೆ ಇದೆಯೇ? ವೀರಣ್ಣ ಪೆನ್ನು ಹಿಡಿದಿದ್ದ. "ಡಾಕ್ಟರ್ ಸಹಿ ಐತಲ್ಲ, ಇದನ್ನ ಖಾಲಿ ಬಿಡೂಣು" ಅಂದ. ಅವನು ಸುಳ್ಳಿನ ಅತಿ ಹತ್ತಿರ ಬಂದದ್ದು ಅಷ್ಟೇ. ನಾನು ಪೆನ್ನು ಕಸಿದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದೆ.

ಹುಬ್ಬಳ್ಳಿಯ ಹೊರಗಿನ ಮೈದಾನದಲ್ಲಿ ಹದಿನಾರು ಜನ ಸವಾರರು. ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಫಾರ್ಮು ಓದುತ್ತ ಓದುತ್ತ ಕೈ ಹಿಂದೆ ತೆಗೆದುಕೊಂಡರು. ಕಾಗದ ಮೇಜಿನ ಮೇಲೆ ಬಿತ್ತು.

"ಇದೇನ್ ಬರದೀರಿ ಇಲ್ಲಿ?"

"ಓದ್ರಿ."

"ಇಂಥಾದ್ದು ಬರೀಬಾರದಾಗಿತ್ತು."

"ಕೇಳೀರಿ, ಬರದೇನಿ."

"ಉಳಿದ ಸವಾರರು ಏನಂತಾರ್ರೀ? ಒಂದ ಟೆಂಟಿನ್ಯಾಗ ಇರಬೇಕು, ಸನೇ ಸನೇ ಓಡಸಬೇಕು."

"ನಿಮ್ಮ ನಿಯಮದ ಪುಸ್ತಕ ತೆಗೀರಿ. ಈ ಜಡ್ಡಿನವ ಓಡಸಬಾರದು ಅಂತ ಎಲ್ಲಿ ಐತಿ ತೋರಸ್ರಿ, ಹೊಳ್ಳಿ ಹೋಗತೇನಿ. ಇನ್ನ ಸನೇ ಬರೂ ಮಾತು. ಓಟ ಸುರು ಆದ ಮ್ಯಾಲ ನನ್ನ ಸನೇ ಬರೂದು ಅವ್ರಿಗೆ ಹ್ಯಾಂಗೂ ಆಗಂಗಿಲ್ಲ."

ಅವರು ಪುಸ್ತಕ ತೆಗೆದು ಕಾಲು ಗಂಟೆ ಹಾಳೆ ತಿರುವಿದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ನಾನು ನಿಂತಲ್ಲಿಂದ ಕದಲಲಿಲ್ಲ. ಕಡೆಗೆ ನಂಬರಿನ ಬಟ್ಟೆಯನ್ನು ಮೇಜಿನ ಮೇಲೆ ತಳ್ಳಿದರು. ಟೆಂಟಿನಲ್ಲಿ ನನಗೊಂದು ಮೂಲೆ ತಾನಾಗಿಯೇ ಖಾಲಿಯಾಯಿತು. ವೀರಣ್ಣ ಅಲ್ಲಿ ಕಾಲು ಚಾಚಿ ಕೂತ. "ಚಲೋ ಆತು, ಜಾಗಾ ಭಾಳ ಸಿಕ್ಕೈತಿ" ಅಂದ.

ಒಬ್ಬೊಬ್ಬರಿಗೆ ಐದು ಓಟ. ಮೊದಲು ಬಂದರೆ ಮೂರು ಅಂಕ, ಆಮೇಲೆ ಎರಡು, ಒಂದು, ಕೊನೆಯವನಿಗೆ ಸೊನ್ನೆ. ಅಷ್ಟೆಲ್ಲ ಬಾಯಿ ಮಾಡಿದ ನಾನು ಮೊದಲ ಓಟದಲ್ಲಿ ಕ್ಲಚ್ ಬಿಡುವುದು ತಡವಾಗಿ ಕೊನೆಗೆ ಬಂದೆ. ಮೂವರೂ ಎಬ್ಬಿಸಿದ ಕೆಂಪು ಧೂಳನ್ನು ನಾಲ್ಕು ಸುತ್ತೂ ನುಂಗಿದೆ. ಮೇಜಿನ ಅಧಿಕಾರಿ ನೋಡುತ್ತಿದ್ದರು.

ಟೆಂಟಿಗೆ ಬಂದಾಗ ವೀರಣ್ಣ ಕೈಗವಸು ಬಿಚ್ಚಿಸುತ್ತ ಹೇಳಿದ: "ನೀ ಕೈ ನೋಡಾಕತ್ತೀದಿ. ಕೈ ನಾ ನೋಡತೇನಿ. ನೀ ಮುಂದ ನೋಡು."

ಎರಡನೆಯ ಓಟದಲ್ಲಿ ಎರಡನೆಯವನಾದೆ. ಮೂರನೆಯದರಲ್ಲಿ, ಹೊರಡುವ ಗೆರೆಗೆ ಅಡ್ಡ ಕಟ್ಟಿದ ಹಗ್ಗ ಮೇಲೇರುತ್ತಿದ್ದಂತೆ ಕ್ಲಚ್ ಬಿಟ್ಟೆ, ಮೊದಲ ತಿರುವಿಗೆ ಮೊದಲು ಮುಟ್ಟಿದವನು ನಾನೇ. ಹಿಂದಿನ ಚಕ್ರ ಹೊರಕ್ಕೆ ಸರಿಯಿತು, ಕಮ್ಮಾರರ ತಗಡು ಗರಸಿನ ಮೇಲೆ ಕರಕರ ಅನ್ನುತ್ತ ಕಿಡಿ ಹಾರಿಸಿತು. ಗಾಡಿ ಪೂರ್ತಿ ಅಡ್ಡವಾಗಿ ನಿಂತು, ಮತ್ತೆ ನೆಟ್ಟಗಾಗಿ ಹಾರಿತು. ಆ ನಾಲ್ಕು ಸುತ್ತಿನಲ್ಲಿ ನನಗೆ ಜಡ್ಡು ನೆನಪಿರಲಿಲ್ಲ. ಏಳು ತಿಂಗಳಲ್ಲಿ ಅದು ಮೊದಲ ಸಲ. ಗೆದ್ದು ಬಂದಾಗ ಕೈಗವಸಿನೊಳಗೆ ಅಂಗೈ ಕಿತ್ತು ರಕ್ತವಾಗಿತ್ತು. ನನಗೆ ತಿಳಿದದ್ದು ವೀರಣ್ಣನ ಮುಖ ನೋಡಿಯೇ. ತೊಳೆದು, ಬಟ್ಟೆ ಸುತ್ತಿ, "ಸಾಕಿನ್ನ" ಅಂದ. "ಇನ್ನ ಎರಡದಾವು" ಅಂದೆ. ಮತ್ತೊಂದು ಪದರ ಸುತ್ತಿದ. ನಾಲ್ಕನೆಯದರಲ್ಲಿ ಎರಡನೆಯವನಾದೆ. ಐದನೆಯದನ್ನು ಗೆದ್ದೆ.

ಹತ್ತು ಅಂಕ. ಹದಿನಾರು ಜನರಲ್ಲಿ ನಾಲ್ಕನೆಯ ಸ್ಥಾನ. ಕೊಲ್ಹಾಪುರಕ್ಕೆ ಹೋಗುವವರು ನಾಲ್ವರೇ. ಅಧಿಕಾರಿ ಹೆಸರು ಓದಿದರು, ಕೈ ಕುಲುಕಲಿಲ್ಲ, ಚೀಟಿಯನ್ನು ಮೇಜಿನ ಅಂಚಿಗಿಟ್ಟರು. ನಾನು ನನ್ನ ಬಟ್ಟೆ ಸುತ್ತಿದ ಎಡಗೈಯಿಂದಲೇ ಅದನ್ನು ಎತ್ತಿಕೊಂಡೆ. ಬಲಗೈ ಖಾಲಿಯೇ ಇತ್ತು.

ಕೊಲ್ಹಾಪುರದಲ್ಲಿ ಸೋತೆ. ಅದಕ್ಕೆ ಜಡ್ಡು ಕಾರಣವಲ್ಲ. ಅಲ್ಲಿಗೆ ಬಂದವರು ನನಗಿಂತ ಚೆನ್ನಾಗಿ ಓಡಿಸಿದರು. ಒಂಬತ್ತನೆಯವನಾದೆ. ಹೊರದೇಶ ನೋಡಲಿಲ್ಲ. ಇದನ್ನು ಓದುತ್ತಿರುವ ಯಾರಾದರೂ ಗೆಲುವಿನ ಕಥೆ ಎಂದುಕೊಂಡಿದ್ದರೆ ಕ್ಷಮಿಸಿ. ಆದರೆ ಸೋತದ್ದು ಸವಾರನಾಗಿ, ರೋಗಿಯಾಗಿ ಅಲ್ಲ. ಆ ವ್ಯತ್ಯಾಸ ನನಗೆ ಬಹಳ ದೊಡ್ಡದು.

ಹನ್ನೆರಡನೆಯ ತಿಂಗಳ ಗುಳಿಗೆ ನುಂಗಿದ ದಿನ ಹಾದಿಮನಿ ನನ್ನ ಕಾರ್ಡಿನ ಮೇಲೆ ಗೆರೆ ಎಳೆದು, "ಇನ್ನ ಈ ಕಡೆ ಬರಬ್ಯಾಡ್ರಿ" ಅಂದರು. ಮೈ ಬಣ್ಣ ನಿಧಾನಕ್ಕೆ ತಿಳಿಯಾಯಿತು. ಎರಡು ಬೆರಳು ಮಾತ್ರ ಬಗ್ಗಿದಂತೆಯೇ ಉಳಿದವು. ತಡವಾಗಿ ಹೋದವನಿಗೆ ಅಷ್ಟು ದಂಡ. ಈಗ ಯಾರಾದರೂ ಕೈಗೇನಾಯಿತೆಂದು ಕೇಳಿದರೆ ಗಾಡಿಯಿಂದ ಬಿದ್ದೆ ಎನ್ನುವುದಿಲ್ಲ. ಹೆಸರು ಹೇಳುತ್ತೇನೆ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಕೊಣ್ಣೂರಿನ ಗಂಡ ಹೆಂಡತಿ ಗ್ಯಾರೇಜಿಗೆ ಬಂದರು. ಗಂಡ ಗಾಡಿಯ ಸದ್ದಿನ ಬಗ್ಗೆ ಏನೇನೋ ಹೇಳಿದ. ಗಾಡಿಯಲ್ಲಿ ಯಾವ ಸದ್ದೂ ಇರಲಿಲ್ಲ. ಹೆಂಡತಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಕೊನೆಗೆ ಅವಳೇ ಮಾತಾಡಿದಳು:

"ಅಣ್ಣಾರ, ನಿಮ್ಮ ಮನಿಯವರು ಬಿಟ್ಟು ಹೋಗಲಿಲ್ಲೇನ್ರಿ?"

"ಹೋಗಿದ್ಲವಾ. ಬಂದ್ಲು."

ಅವಳು ಕುಪ್ಪಸದ ತೋಳು ಮೇಲೆತ್ತಿ ಮಚ್ಚೆ ತೋರಿಸಿದಳು. ನಾನು ಗ್ಯಾರೇಜಿನ ಹಿಂದಿನ ಮನೆಯಿಂದ ಶಮೀಮಳನ್ನು ಕರೆದೆ. ಅವರಿಬ್ಬರೂ ಒಳಗೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಶಮೀಮ ಬುರ್ಖಾ ಹಾಕಿಕೊಂಡು ಹೊರಗೆ ಬಂದು, "ಅಂಗಡಿ ಮುಚ್ಚ್ರಿ, ರೋಣದ ಬಸ್ಸಿನ ಹೊತ್ತಾತು" ಅಂದಳು.

ಆ ಹೆಣ್ಣುಮಗಳನ್ನು ಡಾಕ್ಟರ ಕೋಣೆಯೊಳಗೆ ಕರೆದುಕೊಂಡು ಹೋದದ್ದು ಶಮೀಮ. ಗಂಡ ವರಾಂಡದ ಬೆಂಚಿನ ಆ ತುದಿಗೆ ಕೂತಿದ್ದ, ಮೊಣಕಾಲುಗಳ ನಡುವೆ ಕೈ ಸಿಕ್ಕಿಸಿಕೊಂಡು. ನಮ್ಮ ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ, ನನ್ನಿಂದಲೋ, ಈ ಲೋಕದಿಂದಲೋ. ನಾನು ಸರಿದು ಅವನಿಗೆ ತಾಗಿ ಕೂತೆ. ಅವನು ದೂರ ಸರಿಯಲಿಲ್ಲ.